ಬಿಚ್ಚದ ಎಂಜಿನ್ನಿನ ಹೆಗ್ಗಳಿಕೆ

ಮಂಗಳೂರಿನಲ್ಲಿ ಹಳೆಯ ಕಾರು ಕೊಳ್ಳಲು ಹೊರಟರೆ ಪಡೀಲಿಗೆ ಹೋಗಿ, ಕೂಳೂರಿಗೆ ಹೋಗಿ, ಕಂಕನಾಡಿಗೆ ಹೋಗಿ, ಒಂದು ಮಾತು ಎಲ್ಲ ಕಡೆಯೂ ಕಿವಿಗೆ ಬೀಳುತ್ತದೆ. ಮಾರುವವರು ಬಾನೆಟ್ ಎತ್ತಿ, ಎರಡು ಹೆಜ್ಜೆ ಹಿಂದೆ ಸರಿದು ಹೇಳುತ್ತಾರೆ: “ಇದರ ಇಂಜಿನ್ ಓಪನ್ ಆಗ್ಲೇ ಇಲ್ಲ ಮಾರಾಯ್ರೆ. ಕಂಪೆನಿಯಿಂದ ಬಂದ ಹಾಗೇ ಉಂಟು.” ಕೊಳ್ಳುವವರ ಮುಖ ಅರಳುತ್ತದೆ. ಜೊತೆಗೆ ಬಂದ ಮಾವನೋ ಭಾವನೋ ತಲೆಯಾಡಿಸುತ್ತಾರೆ. ಅಲ್ಲಿಂದ ಮುಂದೆ ಮಾತೆಲ್ಲ ಬೆಲೆಯದ್ದು.

ಐದು ವರ್ಷದ ಕಾರಿಗೆ ಈ ಮಾತು ಸಲ್ಲುತ್ತದೆ. ಇಪ್ಪತ್ತೈದು ವರ್ಷದ ಕಾರಿಗೂ ಇದನ್ನೇ ಹೊಗಳಿಕೆಯಾಗಿ ಹೇಳುತ್ತೇವಲ್ಲ, ನನ್ನ ತಕರಾರು ಇರುವುದು ಅಲ್ಲಿ. ಅಷ್ಟು ವಯಸ್ಸಾದ ಎಂಜಿನ್ನಿಗೆ ಯಾರೂ ಕೈ ಹಾಕಿಲ್ಲ ಎಂದರೆ ಅದನ್ನು ಯಾರೂ ನೋಡಿಲ್ಲ ಎಂದೇ ಅರ್ಥ. ಪಿಸ್ಟನ್, ಕ್ರ್ಯಾಂಕ್ ಬಿಚ್ಚಬೇಕೆಂದು ನಾನು ಹೇಳುತ್ತಿಲ್ಲ. ಹೊರಮೈಯಲ್ಲೇ ಕೂತಿರುವ ಒಂದು ಭಾಗವಿದೆ, ಇನ್‌ಟೇಕ್ ಮ್ಯಾನಿಫೋಲ್ಡ್. ಕಾರ್ಬ್ಯುರೇಟರಿನಿಂದ ಬಂದ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುವ ಕವಲುಕೊಳವೆ ಅದು. ಕಾಲು ಶತಮಾನ ಓಡಿದ ಕಾರಿನಲ್ಲಿ ಅದನ್ನು ಒಮ್ಮೆಯಾದರೂ ಕಳಚಿ ನೋಡಲೇಬೇಕು ಎಂಬುದು ನನ್ನ ವಾದ. ನೋಡದೆ ಬಿಟ್ಟದ್ದಕ್ಕೆ ನಮ್ಮ ಊರು ಕಾರ್ಬ್ಯುರೇಟರ್‌ಗಳ ಬೆಲೆ ತೆತ್ತಿದೆ, ಪೆಟ್ರೋಲ್ ಚೆಲ್ಲಿದೆ, ಇನ್ನೂ ಹತ್ತು ವರ್ಷ ಓಡಬಹುದಾಗಿದ್ದ ಕಾರುಗಳನ್ನು ಗುಜರಿಗೆ ಕಳಿಸಿದೆ.

ನಮ್ಮ ಮನೆಯಲ್ಲಿರುವುದು 1997ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರು, ಕಾರ್ಬ್ಯುರೇಟರಿನ ಗಾಡಿ. ಅಪ್ಪ ಕೊಂಡದ್ದು, ಈಗ ನಾನು ಓಡಿಸುತ್ತೇನೆ. ನಾಲ್ಕು ಮಳೆಗಾಲದ ಹಿಂದೆ ಅದಕ್ಕೊಂದು ಕಾಯಿಲೆ ಶುರುವಾಯಿತು. ಹೆದ್ದಾರಿಯಲ್ಲಿ ಉಡುಪಿಯ ತನಕ ಒಂದು ಸದ್ದಿಲ್ಲದೆ ಹೋಗುತ್ತಿತ್ತು. ಪಂಪ್‌ವೆಲ್‌ನ ಮೇಲ್ಸೇತುವೆಯ ಅಡಿಯಲ್ಲಿ ಸಾಲಿನಲ್ಲಿ ನಿಂತರೆ ಸಾಕು, ಮೈ ನಡುಗಿ ಆಫ್ ಆಗುತ್ತಿತ್ತು. ಐಡ್ಲಿಂಗ್ ನಿಲ್ಲುತ್ತಿರಲಿಲ್ಲ. ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಮೂರನ್ನೂ ಎರಡೇ ಕಾಲಿನಲ್ಲಿ ಸಂಭಾಳಿಸುತ್ತಾ ಜ್ಯೋತಿ ವೃತ್ತದ ಏರಿನಲ್ಲಿ ನಿಲ್ಲುವ ಕಷ್ಟ ಅನುಭವಿಸಿದವರಿಗೆ ಗೊತ್ತು.

ಒಂದು ವರ್ಕ್‌ಶಾಪಿಗೆ ಒಯ್ದೆ. ಅಲ್ಲಿಯ ತೀರ್ಪು ಒಂದು ನಿಮಿಷದಲ್ಲಿ ಬಂತು: “ಕಾರ್ಬೇಟರ್ ಹೋಗಿದೆ.” ತೊಳೆದರು. ಎರಡು ವಾರ ಸರಿ ಇದ್ದಂತೆ ಕಂಡಿತು, ಮತ್ತೆ ಅದೇ ರಾಗ. ಇನ್ನೊಮ್ಮೆ ತೊಳೆದು ಒಳಗಿನ ಕಿಟ್ ಬದಲಾಯಿಸಿದರು. ಕೊನೆಗೆ ಹೊಸ ಕಾರ್ಬ್ಯುರೇಟರನ್ನೇ ಹಾಕಿದರು. ಹಳೆಯದನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಹೊಸದು ಹಾಕಿದ ಮೇಲೂ ಪಂಪ್‌ವೆಲ್‌ನಲ್ಲಿ ಕಾರು ನಿಂತಿತು. ಮ್ಯಾನಿಫೋಲ್ಡ್ ಬಿಚ್ಚಿ ನೋಡಬಹುದೇ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ ನೆನಪಿದೆ: “ಬೇಡ ಸಾರ್, ಕಂಪೆನಿ ಪ್ಯಾಕಿಂಗ್ ಉಂಟು. ಅದಕ್ಕೆ ಕೈ ಹಾಕುದು ಬೇಡ. ಬಿಚ್ಚಿದ್ರೆ ಮತ್ತೆ ಮೊದಲಿನ ಹಾಗೆ ಕೂರುದಿಲ್ಲ.”

ಅವರು ಮೋಸಗಾರರಲ್ಲ. ಊರೆಲ್ಲ ನಂಬಿದ್ದನ್ನೇ ಅವರೂ ನಂಬಿದ್ದರು. ಆ ನಂಬಿಕೆಯನ್ನೇ ಇಲ್ಲಿ ಪರೀಕ್ಷೆಗೆ ಒಡ್ಡಬೇಕಾಗಿದೆ.

ಮೊದಲು ಎಂಜಿನ್ ಉಸಿರಾಡುವ ಬಗೆ. ಪಿಸ್ಟನ್ ಕೆಳಗಿಳಿಯುವಾಗ ಗಾಳಿಯನ್ನು ಎಳೆಯುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಕಾರ್ಬ್ಯುರೇಟರಿನ ಬಾಗಿಲು ಮುಚ್ಚಿರುತ್ತದೆ. ಎಳೆತ ಇದೆ, ದಾರಿ ಇಲ್ಲ. ಹಾಗಾಗಿ ಮ್ಯಾನಿಫೋಲ್ಡಿನ ಒಳಗೆ ಹೊರಗಿನ ಗಾಳಿಗಿಂತ ಬಹಳ ಕಡಿಮೆ ಒತ್ತಡ. ಇದನ್ನೇ ವ್ಯಾಕ್ಯೂಮ್ ಎನ್ನುವುದು. ಸಮುದ್ರ ಮಟ್ಟದಲ್ಲಿ, ಆರೋಗ್ಯವಾಗಿರುವ ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ, ಗೇಜಿನ ಮುಳ್ಳು ಪಾದರಸದ 17ರಿಂದ 21 ಇಂಚಿನ ನಡುವೆ ಅಲುಗಾಡದೆ ನಿಲ್ಲಬೇಕು. ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಬೆಂಗಳೂರಿನಲ್ಲಿ ಮೂರು ಇಂಚು, ಮಡಿಕೇರಿಯಲ್ಲಿ ನಾಲ್ಕು ಇಂಚಿನಷ್ಟು ಕಳೆದು ಓದಬೇಕು. ಮಂಗಳೂರಿನಲ್ಲಿ ಕಳೆಯುವ ಲೆಕ್ಕವೇ ಇಲ್ಲ, ಪುಸ್ತಕದ ಅಂಕಿ ಇದ್ದ ಹಾಗೇ ಸಲ್ಲುತ್ತದೆ. ಕಡಲ ಬದಿಯ ಮೆಕ್ಯಾನಿಕ್‌ಗೆ ಇಷ್ಟು ಅನುಕೂಲವಿದ್ದೂ ಎಷ್ಟು ಗ್ಯಾರೇಜುಗಳಲ್ಲಿ ವ್ಯಾಕ್ಯೂಮ್ ಗೇಜ್ ಗೋಡೆಯಲ್ಲಿ ನೇತಾಡುತ್ತಿದೆ? ನಾನು ಹೋದ ಐದಾರು ಕಡೆ ಒಂದೇ ಕಡೆ ಕಂಡೆ.

ಮ್ಯಾನಿಫೋಲ್ಡಿಗೂ ಎಂಜಿನ್ ಹೆಡ್ಡಿಗೂ ನಡುವೆ ಒಂದು ತೆಳು ಗ್ಯಾಸ್ಕೆಟ್ ಇರುತ್ತದೆ. ಗ್ಯಾರೇಜಿನ ಮಾತಿನಲ್ಲಿ ಪ್ಯಾಕಿಂಗ್. ಅದು ಒಣಗಿ ಒಂದು ಕಡೆ ಬಿರಿಯಿತು ಎನ್ನಿ. ಆ ಸಂದಿನಿಂದ ಗಾಳಿ ಒಳನುಗ್ಗುತ್ತದೆ. ಎಷ್ಟು ಎಂದು ನಾನು ಲೆಕ್ಕ ಹಾಕಿ ನೋಡಿದೆ. 796 ಸಿಸಿಯ ಎಂಜಿನ್ ನಿಮಿಷಕ್ಕೆ 850 ಸುತ್ತಿನ ಐಡ್ಲಿಂಗ್‌ನಲ್ಲಿ ಒಳಗೆ ಎಳೆದುಕೊಳ್ಳುವ ಒಟ್ಟು ಗಾಳಿ ನಿಮಿಷಕ್ಕೆ ನೂರು ಲೀಟರಿನ ಆಸುಪಾಸು. ಎರಡು ಮಿಲಿಮೀಟರ್ ವ್ಯಾಸದ ತೂತು ಒಂದಿದ್ದರೆ ಅದರಲ್ಲೇ ಇಪ್ಪತ್ತೈದು-ಮೂವತ್ತು ಲೀಟರ್ ನುಗ್ಗುತ್ತದೆ. ಎಂಜಿನ್ನಿನ ಕಾಲು ಭಾಗ ಉಸಿರು ಕಾರ್ಬ್ಯುರೇಟರಿನ ಲೆಕ್ಕಕ್ಕೆ ಸಿಗದೆ, ಪೆಟ್ರೋಲಿನ ಸೋಂಕಿಲ್ಲದೆ ಒಳಗೆ ಹೋಯಿತು. ಕಾರು ನಡುಗದೆ ಇನ್ನೇನು ಮಾಡೀತು?

ಅದೇ ಕಾರು ಹೆದ್ದಾರಿಯಲ್ಲಿ ಓಡುವಾಗ ಎಳೆದುಕೊಳ್ಳುವ ಗಾಳಿ ಐದಾರು ಪಟ್ಟು ಹೆಚ್ಚು. ಕಾರ್ಬ್ಯುರೇಟರಿನ ಬಾಗಿಲು ತೆರೆದಷ್ಟೂ ಒಳಗಿನ ವ್ಯಾಕ್ಯೂಮ್ ಇಳಿಯುತ್ತದೆ, ಸಂದಿನಿಂದ ನುಗ್ಗುವ ಕಳ್ಳಗಾಳಿಯ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಉಡುಪಿಗೆ ಸರಾಗ, ಪಂಪ್‌ವೆಲ್‌ನಲ್ಲಿ ಸ್ತಬ್ಧ. ಈ ಲಕ್ಷಣವನ್ನು ಕೇಳಿದೊಡನೆಯೇ ಕಾರ್ಬ್ಯುರೇಟರಿಗಿಂತ ಮೊದಲು ಮ್ಯಾನಿಫೋಲ್ಡಿನ ನೆನಪಾಗಬೇಕಿತ್ತು.

ಇನ್ನೊಂದು ಸುಳಿವು ಪ್ಲಗ್ಗುಗಳಲ್ಲಿತ್ತು, ಯಾರೂ ಓದಲಿಲ್ಲ. ಆಮೇಲೆ ಗೊತ್ತಾದಂತೆ, ಸಂದು ಇದ್ದದ್ದು ಮೂರನೆಯ ಸಿಲಿಂಡರಿನ ಬಾಯಲ್ಲಿ. ಅದಕ್ಕೆ ಮಾತ್ರ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಮೆಕ್ಯಾನಿಕ್ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಹೆಚ್ಚಿಸಿದರೆ ಹೆಚ್ಚುವುದು ಮೂರಕ್ಕೂ. ಮೂರನೆಯದು ಸ್ವಲ್ಪ ಸುಧಾರಿಸುತ್ತದೆ, ಆರೋಗ್ಯವಾಗಿದ್ದ ಎರಡು ಸಿಲಿಂಡರುಗಳಿಗೆ ಪೆಟ್ರೋಲ್ ಅತಿಯಾಗುತ್ತದೆ. ನನ್ನ ಕಾರಿನ ಎರಡು ಪ್ಲಗ್ಗು ಮಸಿ ಹಿಡಿದು ಕಪ್ಪು, ಒಂದು ಸುಣ್ಣ ಬಳಿದಂತೆ ಬಿಳಿ. ಎಲ್ಲರಿಗೂ ಸಮನಾಗಿ ಬಡಿಸುವ ಕಾರ್ಬ್ಯುರೇಟರ್ ಒಂದೇ ಸಿಲಿಂಡರಿನ ದೋಷವನ್ನು ಉಂಟುಮಾಡಲಾರದು, ತಿದ್ದಲೂ ಆರದು. ಮೂರು ಪ್ಲಗ್ಗನ್ನು ಪಕ್ಕಪಕ್ಕ ಇಟ್ಟು ನೋಡಲು ಹತ್ತು ನಿಮಿಷ ಸಾಕಿತ್ತು.

ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರಿಗೆ ಎರಡೇ ಇನ್‌ಟೇಕ್ ಬಾಯಿ. ಒಂದು ಕಡೆ ಸಂದು ಬಿಟ್ಟರೆ ಎರಡು ಸಿಲಿಂಡರು ಒಟ್ಟಿಗೆ ಸೋಲುತ್ತವೆ. ಇನ್‌ಟೇಕೂ ಎಕ್ಸಾಸ್ಟೂ ಒಂದೇ ಬದಿಯಲ್ಲಿ, ಒಂದೇ ಸಾಲಿನ ಸ್ಟಡ್ಡುಗಳಲ್ಲಿ ಕೂತಿರುವುದರಿಂದ ಬಿಸಿಯ ಎಳೆದಾಟವೂ ಹೆಚ್ಚು. ಹಳೆಯ ಟ್ಯಾಕ್ಸಿ ಡ್ರೈವರುಗಳಿಗೆ ಇದು ಬಾಯಿಪಾಠವಾಗಿತ್ತು. 2000ದ ಆಸುಪಾಸಿನಲ್ಲಿ ಬಂದ ಎಂಪಿಎಫ್‌ಐ ಕಾರುಗಳಲ್ಲಿ ಲಕ್ಷಣ ಬೇರೆ, ಐಡ್ಲಿಂಗ್ ಇಳಿಯುವ ಬದಲು ಏರಿ ನಿಲ್ಲುವುದೂ ಉಂಟು. ಅದರ ಕಥೆ ಇಲ್ಲಿ ಬೇಡ.

ಕೊನೆಗೆ ನನಗೆ ಸಿಕ್ಕವರು ಜೆಪ್ಪು ಕಡೆಯ ಒಬ್ಬ ಹಿರಿಯ ಫಿಟ್ಟರ್. ಬೋರ್ಡು ಇಲ್ಲದ ಶೆಡ್ಡು, ಮೇಲೆ ಹಂಚಿನ ಮಾಡು, ಗೋಡೆಯಲ್ಲಿ ಮೊಳೆಗೆ ಸಿಕ್ಕಿಸಿದ ಗೇಜು. ಅವರು ಕಾರ್ಬ್ಯುರೇಟರ್ ಮುಟ್ಟಲಿಲ್ಲ. ಗೇಜು ಸಿಕ್ಕಿಸಿ ಎಂಜಿನ್ ಬಿಸಿಯಾಗುವ ತನಕ ಕಾದರು. ಮುಳ್ಳು 14ರಲ್ಲಿ ನಿಂತಿತು, ಅಲುಗಾಡಲಿಲ್ಲ. ವಾಲ್ವಿನ ದೋಷವಾದರೆ ಮುಳ್ಳು ಕುಣಿಯಬೇಕು. ಕೆಳಗಿಳಿದು ಸ್ಥಿರವಾಗಿ ನಿಂತರೆ ಒಂದೋ ಇಗ್ನಿಷನ್ ಟೈಮಿಂಗ್ ತಡವಾಗಿದೆ, ಇಲ್ಲವೇ ಗಾಳಿ ಎಳೆಯುತ್ತಿದೆ. ಟೈಮಿಂಗ್ ಲೈಟ್ ಹಿಡಿದು ನೋಡಿದರು, ಸರಿಯಿತ್ತು. ಒಂದು ಗಜ ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಮ್ಯಾನಿಫೋಲ್ಡಿನ ಸಂದಿನ ಉದ್ದಕ್ಕೂ ಮೆಲ್ಲಗೆ ಸರಿಸಿದರು. ಮೂರನೆಯ ಬಾಯಿಯ ಹತ್ತಿರ ಕೈ ನಿಂತಿತು. ಪೈಪನ್ನು ನನ್ನ ಕಿವಿಗೆ ಕೊಟ್ಟರು. ಹಾವು ಬುಸುಗುಟ್ಟಿದ ಹಾಗಿನ ಒಂದು ಸಣ್ಣ ಸದ್ದು. “ಕಾರ್ಬೇಟರಿಗೆ ಬೈದು ಎಂತ ಮಾಡುದು? ಅದು ಕೊಡುವಷ್ಟು ಕೊಟ್ಟಿದೆ. ನಡುವೆ ಇಲ್ಲಿ ಕದಿಯುದು” ಎಂದರು. ಕೆಲವರು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮುಕಿಸಿ ಸಂದು ಹುಡುಕುತ್ತಾರೆ. ಬೆಂಕಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು, ದಯವಿಟ್ಟು ಯಾರೂ ಮಾಡಬೇಡಿ.

ಆ ಭಾನುವಾರ ಮ್ಯಾನಿಫೋಲ್ಡ್ ಇಳಿಸುವುದನ್ನು ನಾನು ಪಕ್ಕದಲ್ಲಿ ಕೂತು ಪೂರ್ತಿ ನೋಡಿದೆ. ಹಿಂದಿನ ಸಂಜೆಯೇ ಸ್ಟಡ್ಡುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರು. ಎಂಜಿನ್ ತಣ್ಣಗಿತ್ತು. ಬ್ಯಾಟರಿಯ ನೆಗೆಟಿವ್ ಕಳಚಿದರು. ಈ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡನ್ನು ಬೆಚ್ಚಗಿಡಲು ಅದರೊಳಗೆ ರೇಡಿಯೇಟರಿನ ನೀರು ಹರಿಯುತ್ತದೆ, ಥರ್ಮೋಸ್ಟಾಟ್ ಕೂತಿರುವುದೂ ಅಲ್ಲೇ. ಹಾಗಾಗಿ ಮೊದಲು ನೀರು ಇಳಿಸಬೇಕು. ಬಂದ ನೀರು ಚಹಾದ ಬಣ್ಣದ್ದು. ಒಂದೊಂದು ಪೈಪು ಕಳಚುವಾಗಲೂ ಒಂದು ಚೂರು ಕಾಗದದಲ್ಲಿ ನಂಬರು ಬರೆದು ಕಟ್ಟಿದರು, ನನ್ನ ಫೋನಿನಲ್ಲಿ ಫೋಟೋ ತೆಗೆಸಿದರು. ಏರ್ ಫಿಲ್ಟರಿನ ಡಬ್ಬ, ಆಕ್ಸಿಲರೇಟರ್ ಮತ್ತು ಚೋಕಿನ ಕೇಬಲ್ಲುಗಳು, ಕಾರ್ಬ್ಯುರೇಟರ್, ಹೀಗೆ ಒಂದರ ಹಿಂದೆ ಒಂದು ಹಳೆಯ ಪತ್ರಿಕೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಕೂತವು. ಕೆಳಗಿನ ನಟ್ಟುಗಳು ಕಣ್ಣಿಗೆ ಕಾಣುವುದಿಲ್ಲ. ಬೆರಳಿನಲ್ಲಿ ಸವರಿ ಗುರುತು ಹಿಡಿದು ಸ್ಪ್ಯಾನರ್ ಕೂರಿಸಬೇಕು. ಒಂದು ಕಡೆ ನಟ್ಟಿನ ಜೊತೆ ಸ್ಟಡ್ಡೇ ತಿರುಗಿ ಬಂತು. ತುಕ್ಕು ಅದನ್ನು ಅರ್ಧಕ್ಕರ್ಧ ತಿಂದಿತ್ತು.

ಎಲ್ಲ ನಟ್ಟು ಬಿಟ್ಟ ಮೇಲೂ ಮ್ಯಾನಿಫೋಲ್ಡ್ ಅಂಟಿಕೊಂಡೇ ಇತ್ತು. ಬಿಚ್ಚಿದ ಎಂಜಿನ್ನಿಗೆ ಕೆಟ್ಟ ಹೆಸರು ಬಂದಿರುವುದು ಇಂಥ ಗಳಿಗೆಯಲ್ಲಿ ನಡೆಯುವ ಕೆಲಸದಿಂದ. ತಾಳ್ಮೆ ಇಲ್ಲದ ಕೈ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟುತ್ತದೆ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಒಂದು ಗೀರು ಬಿದ್ದರೆ ಅದು ಗಾಳಿಗೆ ಕಾಯಂ ದಾರಿ. ಇವರು ಸಣ್ಣ ಮರದ ಕೊಡತಿಯಿಂದ ಎರಡು ಕಡೆ ಮೆಲ್ಲಗೆ ತಟ್ಟಿದರು. ಐದು ನಿಮಿಷ ತಟ್ಟಿದ ಮೇಲೆ ಟಪ್ ಎಂದು ಬಿಟ್ಟುಕೊಂಡಿತು. ತಕ್ಷಣ ಹೆಡ್ಡಿನ ಮೂರೂ ಬಾಯಿಗೆ ಒಗೆದ ಬಟ್ಟೆ ತುರುಕಿದರು, ಒಂದು ಚೂರು ಪ್ಯಾಕಿಂಗ್ ಕೂಡ ಒಳಗೆ ಬೀಳಬಾರದೆಂದು.

ಅಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. “ಕಂಪೆನಿ ಪ್ಯಾಕಿಂಗ್” ಎಂದು ಊರು ಯಾವುದನ್ನು ಕಾಪಾಡಿಕೊಂಡು ಬಂದಿತ್ತೋ ಅದರ ನಿಜಸ್ಥಿತಿ ಅದು. ಪ್ಯಾಕಿಂಗ್ ಅರ್ಧ ಹೆಡ್ಡಿಗೆ, ಅರ್ಧ ಮ್ಯಾನಿಫೋಲ್ಡಿಗೆ ಅಂಟಿಕೊಂಡಿತ್ತು. ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಮೂರನೆಯ ಬಾಯಿಯ ಸುತ್ತ, ಹೊರ ಅಂಚಿನಿಂದ ಒಳಗಿನ ತನಕ, ಒಂದು ಕೆಂಪು-ಕಂದು ಗೆರೆ ಎಳೆದಿತ್ತು. ನಮ್ಮ ಮುರಕಲ್ಲಿನ ಧೂಳು! ಏರ್ ಫಿಲ್ಟರಿಗೆ ಸಿಗದೆ ಸಂದಿನಿಂದ ಒಳಹೋದ ಗಾಳಿಯ ಜೊತೆ ಅದೂ ಒಳಗೆ ಹೋಗಿದೆ, ದಾರಿಯಲ್ಲಿ ತನ್ನ ಗುರುತು ಬಿಟ್ಟಿದೆ. ಆ ಧೂಳು ಮುಂದೆ ಸೇರುವುದು ಸಿಲಿಂಡರಿಗೆ, ಉಜ್ಜುವುದು ಪಿಸ್ಟನ್ನಿನ ರಿಂಗುಗಳನ್ನು. ಎಂಜಿನ್ನನ್ನು ಬಿಚ್ಚದೆ ಉಳಿಸುತ್ತೇವೆಂದು ಹೊರಟವರು ಅದನ್ನು ಸವೆಸುವ ಪುಡಿಯನ್ನು ದಿನವೂ ಅದರ ಹೊಟ್ಟೆಗೆ ಹಾಕುತ್ತಿದ್ದೆವು. ಬೇರೆ ಯಾವ ಸಾಕ್ಷಿ ಇಲ್ಲದಿದ್ದರೂ ನನಗೆ ಈ ಒಂದು ಗೆರೆಯೇ ಸಾಕಾಗಿತ್ತು.

ನೀರಿನ ದಾರಿಯ ಸುತ್ತ ಇನ್ನೊಂದು ಬಗೆಯ ಹಾನಿ. ಅಲ್ಯೂಮಿನಿಯಂ ಬಿಳಿ ಹಿಟ್ಟಿನಂತೆ ಉದುರುತ್ತಿತ್ತು, ಒಳಗೆ ಇರುವೆ ಗೂಡಿನಂಥ ಗುಳಿಗಳು. ಇದು ನಮ್ಮ ಮನೆಯವರದೇ ತಪ್ಪು. ಅಪ್ಪ ವರ್ಷಗಟ್ಟಲೆ ರೇಡಿಯೇಟರಿಗೆ ಬಾವಿ ನೀರು ಹಾಕಿದ್ದರು. ಕುಡಿಯಲು ಸಿಹಿಯಾದ ಮುರಕಲ್ಲಿನ ಬಾವಿಯ ನೀರು ಹೆಚ್ಚಾಗಿ ಸ್ವಲ್ಪ ಹುಳಿ ಗುಣದ್ದು. ಕಡಲ ಹತ್ತಿರದ ಬಾವಿಗಳಾದರೆ ಬೇಸಿಗೆಯಲ್ಲಿ ಉಪ್ಪೂ ಬೆರೆಯುತ್ತದೆ. ಎರಡೂ ಅಲ್ಯೂಮಿನಿಯಮ್ಮಿಗೆ ಆಗುವುದಿಲ್ಲ. ಹಳೆ ಕಾರಿನ ಎಲ್ಲ ಕಾಯಿಲೆಗೂ ನಾವು “ಕಡಲ ಗಾಳಿ” ಎಂದು ಕಾರಣ ಕೊಟ್ಟುಬಿಡುತ್ತೇವೆ. ಬಾಡಿಯ ತುಕ್ಕಿಗೆ ಅದು ನಿಜ. ಎಂಜಿನ್ನಿನ ಒಳಗಿನ ತುಕ್ಕು ಕೊಡಪಾನದಲ್ಲಿ ನಾವೇ ತಂದು ಸುರಿದದ್ದು. ಆ ಗುಳಿಗಳು ಇನ್ನು ನಾಲ್ಕು ಮಿಲಿಮೀಟರ್ ಮುಂದೆ ಹೋಗಿದ್ದರೆ ನೀರು ಸಿಲಿಂಡರಿನ ದಾರಿಗೆ ಸೇರುತ್ತಿತ್ತು. ಆಗ ಮಾತ್ರ ನಿಜವಾಗಿಯೂ ಎಂಜಿನ್ ಬಿಚ್ಚಬೇಕಾಗುತ್ತಿತ್ತು.

ಉಕ್ಕಿನ ನೇರ ಪಟ್ಟಿ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ ತೂರಿಸಿದರು. ಮ್ಯಾನಿಫೋಲ್ಡ್ ಕೂರುವ ಮೈ 0.10 ಮಿಲಿಮೀಟರಿಗಿಂತ ಹೆಚ್ಚು ಸೊಟ್ಟಗಿರಬಾರದು ಎಂಬುದು ಆ ಕಾಲದ ಸುಜುಕಿ ಎಂಜಿನ್ನುಗಳ ಕೈಪಿಡಿಯ ಅಳತೆ. ನಮ್ಮದರಲ್ಲಿ ಮೂರನೆಯ ಬಾಯಿಯ ಕಡೆ 0.20ರ ಎಲೆ ಸಲೀಸಾಗಿ ಹೋಯಿತು. ಎಯ್ಯಾಡಿಯ ಒಂದು ಲೇತ್ ಅಂಗಡಿಯಲ್ಲಿ ಮೈ ಸಮ ಮಾಡಿಸಿದೆವು. ಹೊಸ ಸ್ಟಡ್ಡು, ಹೊಸ ಪ್ಯಾಕಿಂಗ್. ಸಿಲಿಕಾನ್ ಪೇಸ್ಟ್ ಬೇಡವೇ ಎಂದು ಕೇಳಿದೆ. “ಮೈ ಸರಿ ಇದ್ದರೆ ಪೇಸ್ಟ್ ಯಾಕೆ? ಸರಿ ಇಲ್ಲದಿದ್ದರೆ ಪೇಸ್ಟ್ ಎಷ್ಟು ದಿನ?” ಎಂದರು. ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಎರಡೂ ಬದಿಗೆ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿದರು. ಒಂದೇ ತುದಿಯಿಂದ ಬಿಗಿಯುತ್ತಾ ಹೋದರೆ ಇನ್ನೊಂದು ತುದಿ ಎದ್ದು ನಿಲ್ಲುತ್ತದೆ. ಬಾವಿ ನೀರಿನ ಬದಲು ಕೂಲಂಟ್ ತುಂಬಿಸಿದರು.

ಆಮೇಲೆ ಅವರು ಆ ರಟ್ಟಿನ ಪೆಟ್ಟಿಗೆ ಕೇಳಿದರು. ಕೆಟ್ಟುಹೋಗಿದೆ ಎಂದು ಕಳಚಿ ಹಾಕಿದ್ದ ಮೂಲ ಕಾರ್ಬ್ಯುರೇಟರನ್ನೇ ತೊಳೆದು ಕೂರಿಸಿದರು. ಗೇಜಿನ ಮುಳ್ಳು 19ಕ್ಕೆ ಏರಿ ನಿಂತಿತು. ಅದೇ ಕಾರ್ಬ್ಯುರೇಟರಿನಲ್ಲಿ ಕಾರು ಇವತ್ತಿಗೂ ಓಡುತ್ತಿದೆ.

ಒಂದು ಕಾರಿನ ಕಥೆಯಿಂದ ಊರಿನ ನಂಬಿಕೆಯನ್ನು ತಳ್ಳಿಹಾಕಬಹುದೇ ಎಂದು ಕೇಳುವವರಿರಬಹುದು. ಕೇಳಬೇಕಾದ್ದೇ. ಆದರೆ ಇದೇ ಊರು ಬೇರೆ ಕಡೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ ನೋಡಿ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುವಾಗ ಬಂದರಿನ ಕಡೆ ಹೋದರೆ ಬಲೆ ಹೆಣೆಯುವವರು, ಬಣ್ಣ ಬಳಿಯುವವರು, ಎಂಜಿನ್ ಬಿಚ್ಚಿ ಕೂತವರು ಕಾಣುತ್ತಾರೆ. ರಜೆ ಮುಗಿದು ಕಡಲಿಗಿಳಿಯುವ ತಾಂಡೇಲ “ನನ್ನ ಬೋಟಿನ ಎಂಜಿನ್ ಇಪ್ಪತ್ತು ವರ್ಷದಿಂದ ಯಾರೂ ಮುಟ್ಟಿಲ್ಲ” ಎಂದು ಹೆಮ್ಮೆಪಡುವುದನ್ನು ನಾನು ಕೇಳಿಲ್ಲ. ಹಾಗೆಂದರೆ ಅವನ ಬೋಟು ಹತ್ತಲು ಜನ ಹಿಂಜರಿದಾರು. ದಡದಿಂದ ಹತ್ತಾರು ಮೈಲಿ ಆಚೆ ಎಂಜಿನ್ ನಿಂತರೆ ಜೀವದ ಪ್ರಶ್ನೆ. ಹಂಚಿನ ಮನೆಯಲ್ಲಿ ಬೆಳೆದವರಿಗೂ ಗೊತ್ತು, ಮಳೆಗೆ ಮುಂಚೆ ಮಾಡಿನ ಹಂಚು ಕೈಯಾಡಿಸುವುದು ತಪ್ಪದ ಕೆಲಸ. ಒಂದೊಂದೇ ಹಂಚು ತೆಗೆದು, ಒಡೆದದ್ದು ಬದಲಾಯಿಸಿ, ಕಸ ಗುಡಿಸಿ ಮತ್ತೆ ಹೊದಿಸುತ್ತೇವೆ. ತೆಗೆದರೆ ಮೊದಲಿನ ಹಾಗೆ ಕೂರುವುದಿಲ್ಲ ಎಂದು ಹೆದರಿ ಬಿಟ್ಟವರ ಮನೆ ಸೋರುತ್ತದೆ.

ಈ ಊರಿಗೆ ಯಂತ್ರ ಹೊಸದೂ ಅಲ್ಲ. 1914ರಲ್ಲೇ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಎಂಬ ಬಸ್ಸು ಕಂಪೆನಿ, ನಮ್ಮ ಹಿರಿಯರ ಬಾಯಲ್ಲಿ ಸಿಪಿಸಿ, ಇಲ್ಲಿ ಹುಟ್ಟಿತು. ಕದ್ರಿ ಗುಡ್ಡದ ಪಾಲಿಟೆಕ್ನಿಕ್, ಕೆಪಿಟಿ, 1946ರಿಂದ ಇದೆ. ಅಲ್ಲಿ ಆಟೊಮೊಬೈಲ್ ಕಲಿತ ಹುಡುಗರು ಊರ ತುಂಬ ಇದ್ದಾರೆ. ಇಷ್ಟಿದ್ದೂ ಮನೆಯ ಕಾರಿನ ವಿಷಯ ಬಂದಾಗ ಮಾತ್ರ ನಾವು ಮುಟ್ಟುಗೋಲು ಹಾಕಿದ ಹಾಗೆ ಬಾನೆಟ್ ಮುಚ್ಚುತ್ತೇವೆ.

ಈ ಭಯ ಎಲ್ಲಿಂದ ಬಂತು? ಕಾರಣವಿಲ್ಲದೆ ಬಂದದ್ದಲ್ಲ. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಎಂಜಿನ್ ಬಿಚ್ಚುವುದು ತೀರಾ ಸಾಮಾನ್ಯವಾಗಿತ್ತು. ಅಸಲಿ ಬಿಡಿಭಾಗ ಸಿಗುತ್ತಿರಲಿಲ್ಲ. ರಟ್ಟಿನ ಹಾಳೆಯನ್ನು ಹೆಡ್ಡಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ಅಲ್ಲೇ ಪ್ಯಾಕಿಂಗ್ ಕತ್ತರಿಸಿ ಹಾಕುತ್ತಿದ್ದರು. ಒಂದು ಕಡೆಯ ಬೋಲ್ಟು ಇನ್ನೊಂದು ಕಡೆಗೆ ಹೋಗುತ್ತಿತ್ತು. ಬಿಚ್ಚಿದ ಎಂಜಿನ್ ನಿಜಕ್ಕೂ ಮೊದಲಿನ ಹಾಗೆ ಇರುತ್ತಿರಲಿಲ್ಲ. ಕೊಳ್ಳುವವರು ಅದರಿಂದ ಒಂದು ಪಾಠ ಕಲಿತರು, ಆ ಕಾಲಕ್ಕೆ ಅದು ವಿವೇಕವೇ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ ಆ ಪಾಠಕ್ಕೆ ಮುದ್ರೆ ಒತ್ತಿತು. ವರ್ಷಗಟ್ಟಲೆ ಸ್ಪ್ಯಾನರ್ ಮುಟ್ಟಿಸದೆ ಓಡುವ ಕಾರನ್ನು ಜನ ಮೊದಲ ಸಲ ಕಂಡರು. ಬಿಚ್ಚದಿರುವುದೇ ಅದರ ಆರೋಗ್ಯದ ಗುಟ್ಟು ಎಂದು ತಿಳಿದರು. ಅದು ಚೆನ್ನಾಗಿ ಓಡಿದ್ದರಿಂದ ಬಿಚ್ಚಬೇಕಾಗಿ ಬರಲಿಲ್ಲ. ಕಾರ್ಯಕಾರಣಗಳು ನಮ್ಮ ತಲೆಯಲ್ಲಿ ಅದಲುಬದಲಾದವು. ಕಬ್ಬಿಣದ ಬ್ಲಾಕಿಗೆ, ಉಕ್ಕಿನ ಕ್ರ್ಯಾಂಕಿಗೆ ವಯಸ್ಸಾಗುವುದು ಓಡಿದ ಕಿಲೋಮೀಟರಿನಿಂದ. ರಬ್ಬರ್ ಪೈಪಿಗೆ, ಪ್ಯಾಕಿಂಗಿಗೆ, ಸ್ಟಡ್ಡಿಗೆ ವಯಸ್ಸಾಗುವುದು ಪಂಚಾಂಗದಿಂದ. ಶೆಡ್ಡಿನಲ್ಲಿ ನಿಂತೇ ಇದ್ದರೂ ಅವು ಮುದಿಯಾಗುತ್ತವೆ. “ಕಡಿಮೆ ಓಡಿದೆ, ಬಿಚ್ಚಿಲ್ಲ” ಎಂಬ ಎರಡು ಹೊಗಳಿಕೆ ಒಟ್ಟಿಗೆ ಕೇಳಿದರೆ ನನಗೀಗ ಎಚ್ಚರವಾಗುತ್ತದೆ.

ಇದು ಒಬ್ಬಿಬ್ಬರ ಮನೆಯ ಕಾರಿನ ಮಾತಾಗಿ ಉಳಿದಿಲ್ಲ. ಹದಿನೈದು ವರ್ಷ ದಾಟಿದ ಕಾರಿಗೆ ಮರುನೋಂದಣಿ ಬೇಕು, ಹೊಗೆ ತಪಾಸಣೆಯಲ್ಲಿ ಪಾಸಾಗಬೇಕು. ನಮ್ಮ ಕಾರಿನ ಕಾಲದ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1,500 ಪಿಪಿಎಂ ಮಿತಿ. ಕಳ್ಳಗಾಳಿ ನುಗ್ಗಿದ ಸಿಲಿಂಡರಿನಲ್ಲಿ ಮಿಶ್ರಣ ಹೊತ್ತಿಕೊಳ್ಳದೆ ಪೆಟ್ರೋಲ್ ಹಾಗೇ ಹೊರಬೀಳುತ್ತದೆ, ಹೈಡ್ರೋಕಾರ್ಬನ್ ಏರುತ್ತದೆ. ಅದನ್ನು ಮುಚ್ಚಲು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹೆಚ್ಚಿಸಿದರೆ ಮೊನಾಕ್ಸೈಡ್ ಏರುತ್ತದೆ. ಎರಡರ ನಡುವೆ ಸಿಕ್ಕಿಬಿದ್ದ ಮಾಲೀಕರಿಗೆ ಸಿಗುವ ಸಲಹೆ ಒಂದೇ, “ಹಳೆ ಗಾಡಿ, ಇನ್ನು ಗುಜರಿಗೆ ಹಾಕಿ.” ಮೇಲಿಂದ ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ 9 ಸಾಕು, ಮಿಶ್ರಣಕ್ಕೆ ಸುಮಾರು 13.5. ತೊಂಬತ್ತರ ದಶಕದ ಕಾರ್ಬ್ಯುರೇಟರ್ ಹಳೆಯ ಲೆಕ್ಕದಲ್ಲೇ ಅಳೆದು ಕೊಡುತ್ತದೆ, ಅಂದರೆ ಗಾಳಿ ಮೊದಲೇ ಒಂದಿಷ್ಟು ಜಾಸ್ತಿ. ಅದರ ಮೇಲೆ ಬಿರಿದ ಪ್ಯಾಕಿಂಗಿನ ಗಾಳಿಯೂ ಸೇರಿದರೆ ಐಡ್ಲಿಂಗ್ ಹೇಗೆ ನಿಂತೀತು? ಎಥೆನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಬಿರಿಸುತ್ತದೆ ಕೂಡ. ಐದು ವರ್ಷದ ಹಿಂದೆ ತಡೆದುಕೊಳ್ಳುತ್ತಿದ್ದ ಸಣ್ಣ ಸಂದನ್ನು ಹಳೆಯ ಕಾರು ಇನ್ನು ತಡೆದುಕೊಳ್ಳಲಾರದು.

ನಡುಗುವ ಕಾರುಗಳೆಲ್ಲದರ ಮ್ಯಾನಿಫೋಲ್ಡ್ ನಾಳೆಯೇ ಕಳಚಿ ಎಂದು ನಾನು ಹೇಳಿದ್ದಾಗಿ ಯಾರೂ ತಿಳಿಯಬಾರದು. ಅದೂ ಇನ್ನೊಂದು ಕುರುಡು ನಂಬಿಕೆಯಾದೀತು. ಮೊದಲು ಪ್ಲಗ್ಗು, ಟೈಮಿಂಗು, ಬಿರಿದ ವ್ಯಾಕ್ಯೂಮ್ ಪೈಪುಗಳು; ಆಮೇಲೆ ಗೇಜು; ಗೇಜು ಹೇಳಿದ ಮೇಲೆ ಸ್ಪ್ಯಾನರು. ಆದರೆ ಗೇಜು ಹೇಳಿದ ಮೇಲೂ “ಕಂಪೆನಿ ಪ್ಯಾಕಿಂಗ್” ಎಂದು ಕೈ ಕಟ್ಟಿ ಕೂರುವುದು ತಪ್ಪು. ಒಂದು ಪ್ಯಾಕಿಂಗಿನ ಬೆಲೆ ಹೊಸ ಕಾರ್ಬ್ಯುರೇಟರಿನ ಬೆಲೆಯ ಹತ್ತನೇ ಒಂದು ಪಾಲೂ ಇಲ್ಲ. ಕೆಲಸ ಒಂದು ದಿನದ್ದು. ಬೇಕಾದದ್ದು ಬಿಚ್ಚಿದ ಕ್ರಮ ನೆನಪಿಟ್ಟುಕೊಳ್ಳುವ, ಸಂದಿಗೆ ಸ್ಕ್ರೂಡ್ರೈವರ್ ಹಾಕದ ಒಂದು ಜೊತೆ ಕೈ. ಅಂಥ ಕೈಗಳು ಈ ಊರಿನಲ್ಲಿ ಇನ್ನೂ ಇವೆ. ಕಾರ್ಬ್ಯುರೇಟರ್ ಬದಲಾಯಿಸಿದ್ದಕ್ಕೆ ದುಡ್ಡು ಕೊಟ್ಟು, ಬಿಚ್ಚಿ ನೋಡಿದ್ದಕ್ಕೆ ಮುಖ ಗಂಟಿಕ್ಕಿದರೆ ಅವು ಎಷ್ಟು ದಿನ ಉಳಿದಾವು?

ಹಳೆಯ ಕಾರು ಕೊಳ್ಳಲು ಹೊರಟಿರುವವರಲ್ಲಿ ನನ್ನದೊಂದು ಕೋರಿಕೆ. ಮಾರುವವರು “ಇಂಜಿನ್ ಓಪನ್ ಆಗ್ಲೇ ಇಲ್ಲ” ಎಂದಾಗ ತಲೆಯಾಡಿಸಿ ಸುಮ್ಮನಾಗಬೇಡಿ. ಮ್ಯಾನಿಫೋಲ್ಡಿನ ಪ್ಯಾಕಿಂಗ್ ಯಾವ ವರ್ಷ ಬದಲಾಯಿಸಿದ್ದು, ಯಾರು ಬದಲಾಯಿಸಿದರು, ಬಿಲ್ಲು ಇದೆಯೇ ಎಂದು ಕೇಳಿ. ಎಣ್ಣೆ ಕಲೆಯ ಒಂದು ಹಳೆಯ ಬಿಲ್ಲನ್ನು ಅವರು ತೆಗೆದು ತೋರಿಸಿದರೆ ಆ ಕಾರಿಗೆ ಎರಡು ಸಾವಿರ ಹೆಚ್ಚು ಕೊಡಿ.